ತನ್ನ ದೋಷವನ್ನು ತಾನೇ ಹೇಳುವ ದೀಪ

ಕಾರಿನ ಕೀಲಿ ತಿರುವಿದೊಡನೆ ಚಾಲಕನ ಎದುರಿನ ಫಲಕದಲ್ಲಿ ಹಲವು ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಅವುಗಳಲ್ಲಿ ಒಂದರಲ್ಲಿ ಕುಳಿತ ಮನುಷ್ಯನ ಚಿತ್ರ, ಅವನ ಎದೆಯ ಮುಂದೆ ಉಬ್ಬಿದ ಗೋಲ. ಅದು ಏರ್‌ಬ್ಯಾಗಿನ ದೀಪ. ಕೆಲವು ಸೆಕೆಂಡು ಉರಿದು ಅದು ಆರಬೇಕು. ಆರದೆ ಉಳಿದರೆ ಮೇಲ್ನೋಟಕ್ಕೆ ಏನೂ ಕೆಡುವುದಿಲ್ಲ. ಎಂಜಿನ್ ಎಂದಿನಂತೆ ಓಡುತ್ತದೆ, ಬ್ರೇಕ್ ಹಿಡಿಯುತ್ತದೆ, ವಿಜಯಪುರ ಜಿಲ್ಲೆಯ ಇಂಡಿಯಿಂದ ಹೊರಟ ಗಾಡಿ ಝಳಕಿ ದಾಟಿ ಸೊಲ್ಲಾಪುರವನ್ನೂ ಮುಟ್ಟುತ್ತದೆ. ಎಣ್ಣೆಯ ದೀಪವನ್ನು ಅಲಕ್ಷಿಸಿದವನಿಗೆ ಎಂಜಿನ್ ನಿಂತು ಪಾಠ ಕಲಿಸುತ್ತದೆ. ಏರ್‌ಬ್ಯಾಗಿನ ದೀಪವನ್ನು ಅಲಕ್ಷಿಸಿದವನು ವರ್ಷಗಟ್ಟಲೆ ಸುಖವಾಗಿ ಓಡಾಡಿಕೊಂಡಿರಬಹುದು. ಏಕೆಂದರೆ ಅದು ಮುಂದಿರುವ ಅಪಾಯವನ್ನು ತೋರಿಸುವ ದೀಪವಲ್ಲ. ಅಪಾಯ ಬಂದ ಗಳಿಗೆಯಲ್ಲಿ ತಾನು ಇರುತ್ತೇನೆಂದು ಮಾತು ಕೊಡಲಾರೆ ಎಂದು ಹೇಳುವ ದೀಪ. ಕಾಯಬೇಕಾದದ್ದು ತನ್ನ ಅಸಮರ್ಥತೆಯನ್ನು ತಾನೇ ಒಪ್ಪಿಕೊಳ್ಳುತ್ತಿದೆ. ಇಲ್ಲಿಂದ ಒಂದು ಹಳೆಯ ಪ್ರಶ್ನೆ ಹೊಸದಾಗಿ ಏಳುತ್ತದೆ: ನಮಗೆ ತಿಳಿಸಬೇಕಾದ ಸಾಧನವೇ ಕೆಟ್ಟಿದೆ ಎಂಬ ತಿಳಿವು ಬಂದ ಮೇಲೆ ಮನುಷ್ಯನ ಧರ್ಮವೇನು? ದುರಸ್ತಿ ತಡವಾಗಬಹುದು, ಅದಕ್ಕೆ ಬಡತನವೂ ದೂರವೂ ಕಾರಣವಾಗಬಹುದು; ಆದರೆ ಆ ತಿಳಿವನ್ನು ಅಡಗಿಸುವುದು, ಅದರಲ್ಲೂ ಪಕ್ಕದಲ್ಲಿ ಕುಳಿತವರಿಂದ ಮುಚ್ಚಿಡುವುದು, ಅಧರ್ಮ. ಈ ಲೇಖನ ಸಾಧಿಸಹೊರಟಿರುವುದು ಇಷ್ಟನ್ನೇ.

ಪ್ರಶ್ನೆಯ ಬೇರು ಯಂತ್ರದ ರಚನೆಯಲ್ಲೇ ಇದೆ. ಡಿಕ್ಕಿಯಾದಾಗ ಗಾಡಿಯ ವೇಗ ಥಟ್ಟನೆ ಕುಸಿದದ್ದನ್ನು ಸೆನ್ಸಾರುಗಳು ಗುರುತಿಸಿ ಒಂದು ನಿಯಂತ್ರಣ ಪೆಟ್ಟಿಗೆಗೆ ತಿಳಿಸುತ್ತವೆ. ಅದು ಕಳಿಸಿದ ಸಣ್ಣ ವಿದ್ಯುತ್ತು ಮದ್ದಿಗೆ ಕಿಡಿ ತಾಗಿಸುತ್ತದೆ, ಹುಟ್ಟಿದ ಅನಿಲ ಚೀಲವನ್ನು ತುಂಬುತ್ತದೆ. ಇಷ್ಟೆಲ್ಲ ಮುಗಿಯಲು ಸೆಕೆಂಡಿನ ನೂರು ಪಾಲಿನಲ್ಲಿ ಮೂರು-ನಾಲ್ಕು ಪಾಲು ಸಾಕು, ಕಣ್ಣಿನ ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಒಮ್ಮೆ ಸಿಡಿದ ಚೀಲ ಮತ್ತೆ ಬಾರದು. ಹಾಗಾಗಿ ಅದನ್ನು ಪರೀಕ್ಷಿಸಿ ನೋಡುವ ದಾರಿ ಮಾಲೀಕನಿಗಿಲ್ಲ. ಬ್ರೇಕನ್ನು ಒತ್ತಿ ನೋಡಬಹುದು, ಹಾರ್ನ್ ಬಾರಿಸಿ ನೋಡಬಹುದು, ಏರ್‌ಬ್ಯಾಗನ್ನು ಸಿಡಿಸಿ ನೋಡಲಾಗದು. ಈ ಕೊರತೆಯನ್ನು ತುಂಬಲೆಂದೇ ನಿಯಂತ್ರಣ ಪೆಟ್ಟಿಗೆ ಗಾಡಿ ಚಾಲೂ ಇರುವಷ್ಟು ಹೊತ್ತೂ ತನ್ನ ತಂತಿಗಳಲ್ಲಿ ಮದ್ದಿಗೆ ತಾಗದಷ್ಟು ಸಣ್ಣ ಪ್ರವಾಹ ಹರಿಸಿ ಅಡೆತಡೆಯನ್ನು ಅಳೆಯುತ್ತಲೇ ಇರುತ್ತದೆ. ಅಳತೆ ಹೆಚ್ಚುಕಡಿಮೆಯಾದರೆ ದೀಪ ಹೊತ್ತಿಸುತ್ತದೆ. ಬಹಳಷ್ಟು ಗಾಡಿಗಳಲ್ಲಿ ದೀಪ ಹೊತ್ತಿದಷ್ಟು ಹೊತ್ತು ವ್ಯವಸ್ಥೆಯ ಒಂದು ಭಾಗವೋ ಇಡಿಯೋ ಕೆಲಸ ನಿಲ್ಲಿಸಿರುತ್ತದೆ. ಕಾರಣ ಮಾತ್ರ ಅನೇಕ ಸಲ ತೀರ ಚಿಕ್ಕದು. ಸೀಟಿನ ಕೆಳಗಿನ ಹಳದಿ ಬಣ್ಣದ ಕನೆಕ್ಟರ್ ಸಡಿಲಾಗಿರುತ್ತದೆ. ಸೀಟನ್ನು ಹಿಂದೆ ಮುಂದೆ ಸರಿಸುವಾಗ ತಂತಿ ಜಗ್ಗಿರುತ್ತದೆ. ಹೊಸ ಕವರ್ ಹಾಕಿಸಲು ಸೀಟು ಬಿಚ್ಚಿದವರು ಕೊಂಡಿಯನ್ನು ಪೂರ್ತಿ ಕೂಡಿಸಿರುವುದಿಲ್ಲ. ಧೂಳು ಹೊಕ್ಕಿರುತ್ತದೆ, ನೀರು ಇಳಿದಿರುತ್ತದೆ, ಇಲಿ ಕಡಿದಿರುತ್ತದೆ. ಸ್ಟೇರಿಂಗಿನೊಳಗೆ ಸುರುಳಿ ಸುತ್ತಿದ ತಂತಿಯ ಪಟ್ಟಿ ಸವೆದರೂ ಹೀಗೇ ಆಗುತ್ತದೆ.

ಎಡಗಡೆಯ ಮುಂದಿನ ಸೀಟಿನದು ಬೇರೆಯದೇ ಕತೆ. ಅದರ ಮೆತ್ತೆಯೊಳಗೆ ಹಾಳೆಯಂಥ ತೆಳು ಸೆನ್ಸಾರ್ ಇದ್ದು, ಮೇಲೆ ಭಾರ ಬಿದ್ದಿದೆಯೇ ಇಲ್ಲವೇ ಎಂದು ಹೇಳುತ್ತದೆ. ನಮ್ಮಲ್ಲಿ ಓಡುವ ಅನೇಕ ಕಾರುಗಳಲ್ಲಿ ಅದರ ಕೆಲಸ ಬೆಲ್ಟ್ ಹಾಕಿಕೊಳ್ಳಲು ನೆನಪಿಸುವುದಷ್ಟೇ. ಇನ್ನು ಕೆಲವದರಲ್ಲಿ ಕುಳಿತವರು ದೊಡ್ಡವರೋ ಚಿಕ್ಕವರೋ ಎಂದು ಅಂದಾಜಿಸಿ ಏರ್‌ಬ್ಯಾಗ್ ಸಿಡಿಯಬೇಕೇ ಬೇಡವೇ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಇಂಡಿಯ ಲಿಂಬೆಯ ಚೀಲವೊಂದನ್ನು ಆ ಸೀಟಿನ ಮೇಲಿಟ್ಟರೆ ಮನುಷ್ಯ ಕುಳಿತನೆಂದು ತಿಳಿದು ಅದು ಕೂಗತೊಡಗುತ್ತದೆ. ಕೆಟ್ಟಾಗ ಖಾಲಿ ಸೀಟಿನಲ್ಲಿ ಮನುಷ್ಯನನ್ನು ಕಾಣುತ್ತದೆ, ಇಲ್ಲವೆ ಕುಳಿತ ಮನುಷ್ಯನನ್ನು ಕಾಣದೆ ಹೋಗುತ್ತದೆ. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಮತ್ತು ಮುಂದಿನ ಎರಡೂ ಸೀಟುಗಳ ಬೆಲ್ಟ್ ನೆನಪಿಸುವ ಸದ್ದು ಭಾರತದಲ್ಲಿ ಕಡ್ಡಾಯವಾದವು. ಪಕ್ಕದವರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳಿಗೆ ಆ ವರ್ಷದ ಕೊನೆಯ ಗಡುವಿನಿಂದ ಕಡ್ಡಾಯವಾಯಿತು. ಆ ಗಾಡಿಗಳೀಗ ಕೈಯಿಂದ ಕೈಗೆ ಬದಲಾಗಿ, ಎರಡನೆಯ ಮೂರನೆಯ ಮಾಲೀಕರ ಬಳಿ ಸಿಂದಗಿ, ಮುದ್ದೇಬಿಹಾಳಗಳ ಅಂಗಳಕ್ಕೆ ಬರುವ ಕಾಲ. ದೀಪದ ಪ್ರಶ್ನೆ ಇನ್ನು ಮುಂದೆ ಇಲ್ಲಿ ಮನೆಮನೆಯ ಪ್ರಶ್ನೆ.

ಜ್ಞಾನ ಪ್ರಮಾಣವೋ ಅಲ್ಲವೋ ಎಂದು ಹೇಗೆ ಗೊತ್ತಾಗುತ್ತದೆ ಎಂಬ ಬಗ್ಗೆ ನಮ್ಮ ದರ್ಶನಗಳು ಶತಮಾನಗಳ ಕಾಲ ವಾದಿಸಿವೆ. ನೈಯಾಯಿಕರು ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕು ಎನ್ನುತ್ತಾರೆ. ದೂರದಲ್ಲಿ ನೀರು ಕಂಡಿತು; ಹೋಗಿ ಕುಡಿದು ಬಾಯಾರಿಕೆ ತೀರಿದರೆ ಆ ಜ್ಞಾನ ನಿಜ. ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದ್ದೇ ಅದಕ್ಕೆ ಪುರಾವೆ. ಮೀಮಾಂಸಕರು ಇದನ್ನು ಒಪ್ಪುವುದಿಲ್ಲ. ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿರುತ್ತದೆ, ಪ್ರತಿಯೊಂದಕ್ಕೂ ಪುರಾವೆ ಕೇಳುತ್ತ ಹೋದರೆ ಕೊನೆಯೇ ಇರುವುದಿಲ್ಲ ಎನ್ನುತ್ತಾರೆ. ಆದರೆ ಎರಡು ಸಂದರ್ಭಗಳಲ್ಲಿ ಅದು ಬಿದ್ದುಹೋಗುತ್ತದೆಂದು ಕುಮಾರಿಲಭಟ್ಟರ ಪರಂಪರೆ ಹೇಳುತ್ತದೆ: ಅದನ್ನು ಅಲ್ಲಗಳೆಯುವ ಬೇರೊಂದು ಜ್ಞಾನ ಬಂದಾಗ, ಇಲ್ಲವೆ ಆ ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿದೆಯೆಂದು ತಿಳಿದಾಗ. ಮೊದಲನೆಯದು ಬಾಧಕಜ್ಞಾನ, ಎರಡನೆಯದು ಕಾರಣದೋಷಜ್ಞಾನ. ಹಳದಿಯಾಗಿ ಕಂಡ ಶಂಖ ಬಿಳಿಯದೆಂದು ಇನ್ನೊಬ್ಬರು ತೋರಿಸಿಕೊಡುವುದು ಒಂದು ದಾರಿ. ನನ್ನ ಕಣ್ಣಿಗೇ ಕಾಮಾಲೆ ಎಂದು ಗೊತ್ತಾಗುವುದು ಇನ್ನೊಂದು ದಾರಿ. ಮಳಖೇಡದ ನಂಟಿನ ಟೀಕಾಚಾರ್ಯ ಜಯತೀರ್ಥರು ‘ಪ್ರಮಾಣಪದ್ಧತಿ’ ಬರೆದ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಆ ದ್ವೈತಮತದಲ್ಲಿ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವವನು ಸಾಕ್ಷಿ. ಸಂಶಯ ಅಡ್ಡ ಬಂದಾಗ ಆ ಸಾಕ್ಷಿಗೂ ಪರೀಕ್ಷೆಯ ನೆರವು ಬೇಕು.

ಏರ್‌ಬ್ಯಾಗಿನ ದೀಪವನ್ನು ಈ ಬೆಳಕಿನಲ್ಲಿಟ್ಟು ನೋಡಿದರೆ ಅದರ ಸ್ಥಾನ ಸ್ಪಷ್ಟವಾಗುತ್ತದೆ. ನನ್ನ ಗಾಡಿಯಲ್ಲಿ ರಕ್ಷಣೆ ಇದೆ ಎಂಬುದು ಮಾಲೀಕನ ಜ್ಞಾನ. ನೈಯಾಯಿಕರ ಪರೀಕ್ಷೆ ಅದಕ್ಕೆ ಒದಗುವುದಿಲ್ಲ, ಏಕೆಂದರೆ ಫಲ ಗೊತ್ತಾಗುವುದು ಡಿಕ್ಕಿಯಲ್ಲಿ ಮಾತ್ರ. ಆ ಪುರಾವೆ ಸಿಗುವ ಹೊತ್ತಿಗೆ ಅದನ್ನು ಬಳಸಿಕೊಳ್ಳುವ ಅವಕಾಶ ಮುಗಿದಿರುತ್ತದೆ. ಡಿಕ್ಕಿಗೆ ಮುಂಚೆ ಅಲ್ಲಗಳೆಯುವ ಬಾಧಕಜ್ಞಾನವೂ ಬರಲಾರದು. ಉಳಿದದ್ದು ಕಾರಣದೋಷಜ್ಞಾನ ಒಂದೇ, ಅದನ್ನು ಕೊಡಲೆಂದೇ ದೀಪವಿದೆ. ಬೇರೆಲ್ಲ ವಿಷಯಗಳಲ್ಲಿ ನಮಗೆ ಹತ್ತು ಸಾಕ್ಷಿಗಳಿರಬಹುದು, ಇಲ್ಲಿ ಇರುವುದು ಒಬ್ಬನೇ. ಅವನ ಬಾಯಿ ಮುಚ್ಚಿಸಿದರೆ ಬೇರಾರನ್ನೂ ಕೇಳುವಂತಿಲ್ಲ. ಪ್ರಾಮಾಣ್ಯದ ಆ ವಾದಗಳನ್ನೆಲ್ಲ ಬಹಳ ಮಂದಿ ಒಣ ಪಾಂಡಿತ್ಯವೆಂದು ಬದಿಗಿಡುತ್ತಾರೆ. ಜೀವ ಉಳಿಸುವ ಸಾಧನದ ಬಗ್ಗೆ ಯೋಚಿಸುವಾಗ ಅವು ಎಷ್ಟು ನೇರವಾಗಿ ಕೆಲಸಕ್ಕೆ ಬರುತ್ತವೆ ಎಂಬುದು ಗಮನಿಸತಕ್ಕದ್ದು.

ಇದಕ್ಕೆ ಮೊದಲ ಆಕ್ಷೇಪ ಗ್ಯಾರೇಜಿನ ಕಟ್ಟೆಯಿಂದಲೇ ಬರುತ್ತದೆ: ‘ಸೆನ್ಸಾರ್ ಹೋಗ್ಯಾದ್ರಿ, ಸುಳ್ಳ ತೋರಸ್ತದ, ಏನ್ ಆಗಂಗಿಲ್ಲ ಬಿಡ್ರಿ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಸೀಟಿನ ಸೆನ್ಸಾರ್ ಸುಳ್ಳು ಹೇಳುತ್ತಿರಬಹುದು, ಲಿಂಬೆಯ ಚೀಲವನ್ನು ಮನುಷ್ಯನೆನ್ನುತ್ತಿರಬಹುದು. ಆದರೆ ಸೆನ್ಸಾರ್ ಬೇರೆ, ದೀಪ ಬೇರೆ. ಸೀಟಿನ ಮೇಲೆ ಯಾರಿದ್ದಾರೆಂದು ದೀಪ ಹೇಳುವುದಿಲ್ಲ. ಅದನ್ನು ಹೇಳಬೇಕಾದ ಸೆನ್ಸಾರನ್ನು ನಂಬಬೇಡ ಎನ್ನುತ್ತದೆ. ಸೆನ್ಸಾರ್ ಕೆಟ್ಟಿದ್ದರೆ ದೀಪ ಹೇಳಿದ್ದು ನಿಜವೇ ಆಯಿತು. ‘ಸೆನ್ಸಾರ್ ಹೋಗ್ಯಾದ’ ಎಂದು ಒಪ್ಪಿಕೊಂಡವನು ದೀಪದ ಮಾತನ್ನು ಖಂಡಿಸಲಿಲ್ಲ, ಅನುಮೋದಿಸಿದ. ಬರೀ ಕೊಂಡಿ ಸಡಿಲಾದದ್ದಷ್ಟೇ, ಅಂಥ ದೊಡ್ಡ ದೋಷವೇನಲ್ಲ ಎಂದರೂ ವಾದ ನಿಲ್ಲುವುದಿಲ್ಲ. ದೋಷ ಚಿಕ್ಕದಾದರೆ ಫಲವೂ ಚಿಕ್ಕದೇ ಆಗಬೇಕೆಂದಿಲ್ಲ. ವಿದ್ಯುತ್ತು ಹರಿಯಬೇಕಾದ ದಾರಿಯಲ್ಲಿ ಒಂದು ಕೂದಲೆಳೆಯಷ್ಟು ಅಂತರವಿದ್ದರೂ ವಿದ್ಯುತ್ತು ಹರಿಯದು. 2023ರ ಜನವರಿಯಲ್ಲಿ ಮಾರುತಿ ಸುಜುಕಿ 17,362 ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳ ಏರ್‌ಬ್ಯಾಗ್ ನಿಯಂತ್ರಕದಲ್ಲಿ ದೋಷವಿರಬಹುದೆಂಬ ಶಂಕೆಯೇ ಕಾರಣ. ಅಪರೂಪಕ್ಕೆ ಒಮ್ಮೆ ಚೀಲ ಸಿಡಿಯದೆ ಹೋಗಬಹುದು ಎಂಬಷ್ಟಕ್ಕೇ, ಭಾಗ ಬದಲಿಸುವವರೆಗೆ ಆ ಗಾಡಿ ಓಡಿಸಬೇಡಿರೆಂದು ಕಂಪನಿಯೇ ಸಲಹೆ ಕೊಟ್ಟಿತು. ಮಾಡಿದವರೇ ಶಂಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವಾಗ, ಕಣ್ಣೆದುರು ಉರಿಯುವ ದೀಪವನ್ನು ಸುಳ್ಳೆಂದು ತಳ್ಳಿಹಾಕಲು ನಮಗೆ ಯಾವ ಆಧಾರವಿದೆ? ಸುಳ್ಳಾಗಿರಬಹುದು ಎಂಬುದು ಪರೀಕ್ಷಿಸಲು ಕಾರಣ, ಬಿಟ್ಟುಬಿಡಲು ಕಾರಣವಲ್ಲ.

ಅಲಕ್ಷಿಸುವುದು ಒಂದು ಹಂತ, ಬಾಯಿ ಮುಚ್ಚಿಸುವುದು ಇನ್ನೊಂದು. ಬೆಲ್ಟ್ ಹಾಕದಿದ್ದರೂ ಸದ್ದು ನಿಲ್ಲುವಂತೆ ಕೊಂಡಿಯೊಳಗೆ ಸಿಕ್ಕಿಸುವ ಲೋಹದ ನಾಲಿಗೆಗಳನ್ನು ನಮ್ಮ ದೇಶದಲ್ಲಿ ಬಹಿರಂಗವಾಗಿ ಮಾರುತ್ತಿದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳ ಮೇಲೆ ಆದೇಶ ಹೊರಡಿಸಿತು; ಅಂಥ ಸರಕಿನ 13,118 ಜಾಹೀರಾತುಗಳನ್ನು ಕಿತ್ತುಹಾಕಲಾಯಿತು. ಜೀವ ಉಳಿಸುವ ಎಚ್ಚರಿಕೆಯನ್ನು ವಂಚಿಸಲೆಂದೇ ದುಡ್ಡು ಕೊಟ್ಟು ಒಂದು ವಸ್ತು ಕೊಳ್ಳುವವರು ಇಷ್ಟು ಮಂದಿ ಇದ್ದಾರೆ ಎನ್ನುವುದು ಯೋಚಿಸಬೇಕಾದ ಸಂಗತಿ. ಏರ್‌ಬ್ಯಾಗಿನ ದೀಪಕ್ಕೂ ಇಂಥದೇ ಉಪಾಯಗಳುಂಟು. ಬಲ್ಬ್ ಕಿತ್ತುಬಿಡುತ್ತಾರೆ. ಇಲ್ಲವೆ ಸುಟ್ಟ ಅಥವಾ ಸಿಡಿದುಹೋದ ಏರ್‌ಬ್ಯಾಗಿನ ಜಾಗದಲ್ಲಿ ಎರಡು-ಮೂರು ಓಮಿನ ಒಂದು ರೆಸಿಸ್ಟರ್ ಕೂಡಿಸುತ್ತಾರೆ. ನಿಯಂತ್ರಣ ಪೆಟ್ಟಿಗೆ ಅಳೆದಾಗ ಸರಿಯಾದ ಅಳತೆಯೇ ಸಿಗುತ್ತದೆ, ದೀಪ ನೆಮ್ಮದಿಯಿಂದ ಆರುತ್ತದೆ, ಮುಚ್ಚಳದ ಹಿಂದೆ ಚೀಲವೇ ಇರುವುದಿಲ್ಲ. ಅಪಘಾತವಾದ ಗಾಡಿಯ ಮೇಲ್ಮೈಯನ್ನಷ್ಟೇ ಸರಿಪಡಿಸಿ ಮಾರುವಾಗ ಈ ಕೆಲಸ ನಡೆಯುತ್ತದೆ. ದೋಷ ತಿದ್ದದೆ ಬಿಟ್ಟವನಿಗೂ ಹೀಗೆ ಮಾಡಿದವನಿಗೂ ಬಹಳ ಅಂತರವಿದೆ. ಮೊದಲನೆಯವನ ಗಾಡಿ ಇನ್ನೂ ನಿಜ ಹೇಳುತ್ತಿದೆ, ಕೇಳುವವರು ಇಲ್ಲವಷ್ಟೇ. ಎರಡನೆಯವನು ಪ್ರಮಾಣವನ್ನೇ ಕೆಡಿಸಿದ. ಮುಂದೆ ಆ ಗಾಡಿಯನ್ನು ಕೊಳ್ಳುವವನು ಎಷ್ಟೇ ಎಚ್ಚರದವನಾದರೂ, ದೀಪ ಆರಿದ್ದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡೇ ಕೊಂಡರೂ, ಮೋಸ ಹೋಗುತ್ತಾನೆ. ಅವನ ವಿವೇಕವನ್ನೇ ಅವನ ಮೇಲೆ ಆಯುಧವಾಗಿ ತಿರುಗಿಸಿದಂತಾಯಿತು. ಕಳ್ಳತನಕ್ಕಿಂತ ಇದು ಕೀಳು. ಕಳ್ಳತನದಲ್ಲಿ ಹೋದದ್ದು ಹೋಯಿತೆಂದು ಗೊತ್ತಾಗುತ್ತದೆ.

ಎಡಗಡೆಯ ಸೀಟಿನ ಮಾತು ಬಂದಾಗ ಈ ಅಧರ್ಮ ಮತ್ತಷ್ಟು ದಟ್ಟವಾಗುತ್ತದೆ. ಫಲಕದ ದೀಪ ಕಾಣುವುದು ಚಾಲಕನಿಗೆ, ಅದರ ಅರ್ಥ ಗೊತ್ತಿರುವುದೂ ಬಹುಮಟ್ಟಿಗೆ ಅವನಿಗೇ. ಆ ದೋಷದ ಬೆಲೆ ತೆರಬೇಕಾದವರು ಪಕ್ಕದಲ್ಲಿ ಕುಳಿತವರು. ನಮ್ಮ ಕಡೆ ಮುಂದಿನ ಸೀಟು ಮರ್ಯಾದೆಯ ಜಾಗ. ಮನೆಗೆ ಬಂದ ಬೀಗರಿಗೆ, ವಯಸ್ಸಾದ ತಂದೆಗೆ, ಮಠಕ್ಕೆ ಕರೆದೊಯ್ಯುವ ಸ್ವಾಮಿಗಳಿಗೆ ‘ಮುಂದ ಕೂಡ್ರಿ’ ಎಂದು ಬಾಗಿಲು ತೆಗೆದು ಕೂಡಿಸುತ್ತೇವೆ. ತವರಿಗೆ ಹೊರಟ ಮಗಳು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂಡುತ್ತಾಳೆ. ಸೀಟಿನ ಸೆನ್ಸಾರ್ ಕೆಟ್ಟಿದೆಯೆಂದು ತಿಳಿದೂ ಹೇಳದೆ ಅವರನ್ನು ಅಲ್ಲಿ ಕೂಡಿಸಿದಾಗ ನಾವು ಕೊಟ್ಟ ಗೌರವದ ಒಳಗೇ ಒಂದು ಮೋಸ ಅಡಗಿರುತ್ತದೆ. ನಮ್ಮ ಜೀವವನ್ನು ನಾವು ಒತ್ತೆಯಿಡುವುದು ಸರಿಯೋ ತಪ್ಪೋ ಎಂಬ ಬಗ್ಗೆ ಎರಡು ಮಾತಿರಬಹುದು. ಗೊತ್ತಿಲ್ಲದವರ ಜೀವವನ್ನು ಅವರಿಗೆ ಹೇಳದೆ ಒತ್ತೆಯಿಡುವ ಅಧಿಕಾರ ಯಾವ ಧರ್ಮವೂ ಯಾರಿಗೂ ಕೊಟ್ಟಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು, ಅದನ್ನು ಹೇಳುವವರು ಒಳ್ಳೆಯ ಭಕ್ತರೂ ಆಗಿರುತ್ತಾರೆ. ಆಯುಷ್ಯ ಬರೆದಷ್ಟೇ, ಕಾಯುವವನು ದೇವರು, ಒಂದು ಚೀಲ ಏನು ಮಾಡೀತು ಎನ್ನುತ್ತಾರೆ ಅವರು. ಅವರ ಬಳಿ ಉದಾಹರಣೆಯೂ ಇದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಆ ಕಾರು ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದದ್ದು. ಅದನ್ನು ಕೊಂಡವರು ವಿವೇಕಿಗಳು, ಅವರ ವಿವೇಕದಲ್ಲಿ ಕೊರತೆ ಏನೂ ಇರಲಿಲ್ಲ. ಮನುಷ್ಯ ಪ್ರಯತ್ನಕ್ಕೆ ಮಿತಿಯಿದೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಕಿಲ್ಲ. ಆದರೆ ಈ ಸಾಕ್ಷ್ಯದಿಂದ ಏನು ಸಿದ್ಧವಾಗುತ್ತದೆ? ಯಾವ ರಕ್ಷಣೆಯೂ ಪೂರ್ಣವಲ್ಲ ಎಂಬುದು ಸಿದ್ಧವಾಗುತ್ತದೆ, ರಕ್ಷಣೆ ವ್ಯರ್ಥ ಎಂಬುದು ಸಿದ್ಧವಾಗುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತವನ್ನು ಇದರ ಪಕ್ಕದಲ್ಲಿಡಬೇಕು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದೆ ಕುಳಿತ ಇಬ್ಬರು ತೀವ್ರ ಗಾಯಗೊಂಡರೂ ಬದುಕಿದರು. ಒಂದೇ ಗಾಡಿ, ಒಂದೇ ಗಳಿಗೆ, ಒಂದೇ ಡಿಕ್ಕಿ. ಒಂದು ಸಂಗತಿಯನ್ನು ಮಾತ್ರ ನೆನೆದು ಇನ್ನೊಂದನ್ನು ಮರೆಯುವುದು ಭಕ್ತಿಯ ಲಕ್ಷಣವಲ್ಲ.

ಹಣೆಬರಹದ ವಾದಕ್ಕೆ ಇನ್ನೂ ಒಂದು ದೌರ್ಬಲ್ಯವಿದೆ. ಅದನ್ನು ಯಾರೂ ಎಲ್ಲ ಕಡೆಯೂ ಅನ್ವಯಿಸುವುದಿಲ್ಲ. ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಾರೆ, ಹಾವು ಕಡಿದರೆ ದವಾಖಾನೆಗೆ ಓಡುತ್ತಾರೆ, ಮಳೆ ದೇವರ ಕೈಯಲ್ಲಿದ್ದರೂ ಬಿತ್ತನೆಗೆ ಒಳ್ಳೆಯ ಬೀಜವನ್ನೇ ಹುಡುಕುತ್ತಾರೆ. ಹಣ ಖರ್ಚಾಗುವ ಕಡೆ, ಒಂದು ದಿನ ಹಾಳಾಗುವ ಕಡೆ ಮಾತ್ರ ಹಣೆಬರಹ ನೆನಪಾದರೆ ಅದು ನಂಬಿಕೆಯಲ್ಲ, ಸೋಮಾರಿತನಕ್ಕೆ ಹೊದಿಸಿದ ಮಡಿಬಟ್ಟೆ. ಕುಂಟುವ ಎತ್ತನ್ನು ಈ ನೆಲದ ಯಾವ ಒಕ್ಕಲಿಗನೂ ಬಂಡಿಗೆ ಹೂಡುವುದಿಲ್ಲ, ಕಾರಹುಣ್ಣಿಮೆಗೆ ಎಷ್ಟೇ ಭಕ್ತಿಯಿಂದ ಅದರ ಕೊಂಬಿಗೆ ಬಣ್ಣ ಹಚ್ಚಿದ್ದರೂ. ಪೂಜೆ ಮಾಡಿದ್ದೇನೆ, ಇನ್ನು ಕುಂಟಿದರೂ ನಡೆದೀತು ಎಂದು ಅವನು ವಾದಿಸುವುದಿಲ್ಲ. ಖಂಡೇನವಮಿಯ ದಿನ ಗಾಡಿಗೆ ವಿಭೂತಿ ಬಳಿದು, ಗಾಲಿಯಡಿ ಲಿಂಬೆ ಇಟ್ಟು, ಬಂಪರಿಗೆ ಲಿಂಬೆ-ಮೆಣಸಿನಕಾಯಿ ಕಟ್ಟುವುದನ್ನು ಇಲ್ಲಿ ಖಂಡಿಸುತ್ತಿಲ್ಲ. ಆಯುಧಕ್ಕೆ ಕೈಮುಗಿಯುವ ಆ ಹಬ್ಬದ ಮೊದಲ ಕೆಲಸ ಆಯುಧವನ್ನು ತೊಳೆದು, ಉಜ್ಜಿ, ಮೊಂಡಾದದ್ದನ್ನು ಹರಿತ ಮಾಡುವುದು. ದೋಷವಿರುವ ಗಾಡಿಯನ್ನು ಹಾಗೇ ಪೂಜೆಗೆ ನಿಲ್ಲಿಸಿದರೆ ಪೂಜೆಯ ಅರ್ಧವೇ ಬಾಕಿ ಉಳಿಯುತ್ತದೆ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ಈ ಸೀಮೆಯದೇ. ಹನ್ನೆರಡನೆಯ ಶತಮಾನದ ಶರಣರು ಶುಭಗಳಿಗೆಯನ್ನು, ಶಕುನವನ್ನು, ಹೊರಗಿನ ರಕ್ಷೆಯನ್ನು ಪ್ರಶ್ನಿಸಿ ಅರಿವಿನ ಮೇಲೆ ಭಾರ ಹಾಕಿದರು. ಆರಾಧಿಸುವ ಲಿಂಗವನ್ನು ಗುಡಿಯಿಂದ ಅಂಗೈಗೆ ತಂದದ್ದರಲ್ಲಿ ಒಂದು ಕಠಿಣ ಮಾತಿದೆ: ಹೊಣೆಯೂ ಅಂಗೈಗೇ ಬಂತು, ಇನ್ನು ಪೂಜಾರಿಯನ್ನೋ ಗ್ರಹವನ್ನೋ ದೂರುವಂತಿಲ್ಲ. ಅರಿವು ಬಂದ ಮೇಲೆ ಆಚಾರ ಅದನ್ನು ಹಿಂಬಾಲಿಸಬೇಕು, ಹಿಂಬಾಲಿಸದ ಅರಿವು ಬರೀ ಮಾತು ಎಂಬುದು ಅವರ ಬದುಕಿನ ನಿಲುವು. ಬಸವಣ್ಣ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಇನ್ನೊಬ್ಬರದು ನಮ್ಮ ವಶದಲ್ಲಿದ್ದಾಗ ಲೆಕ್ಕ ಒಪ್ಪಿಸುವುದೆಂದರೆ ಏನೆಂದು ವೃತ್ತಿಯಿಂದಲೇ ಬಲ್ಲವರು. ಪಕ್ಕದ ಸೀಟಿನಲ್ಲಿ ಕುಳಿತವರ ಜೀವವೂ ದಾರಿ ಮುಗಿಯುವವರೆಗೆ ಚಾಲಕನ ವಶದಲ್ಲಿರುತ್ತದೆ. ಹನ್ನೆರಡನೆಯ ಶತಮಾನದ ಮಾತನ್ನು ಕಾರಿನ ತಂತಿಗೆ ಜೋಡಿಸುವುದು ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ಆದರೆ ನಿತ್ಯದ ಕೆಲಸದಿಂದ ಹೊರಗೆ ಧರ್ಮವನ್ನು ಇಡಕೂಡದೆಂದು ಹೇಳಿದವರೇ ಅವರು. ನಿತ್ಯದ ಕೆಲಸದಲ್ಲಿ ಇವತ್ತು ಗಾಡಿ ಓಡಿಸುವುದೂ ಸೇರಿದೆ.

ಖರ್ಚಿನ ಆಕ್ಷೇಪ ನ್ಯಾಯವಾದದ್ದು, ಅದನ್ನು ಉಪದೇಶದಿಂದ ತಳ್ಳಿಹಾಕಬಾರದು. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಹೋಗಿ ದೋಷ ಓದಿಸಿ, ಭಾಗ ತರಿಸಿ ಕೂಡಿಸುವಷ್ಟರಲ್ಲಿ ದಿನಗಳೂ ಸಾವಿರಗಳೂ ಹೋಗುತ್ತವೆ. ಬಾಡಿಗೆ ಗಾಡಿಯನ್ನೇ ನಂಬಿದವನಿಗೆ ಅದು ಮನೆಯ ಸಂತೆಯ ದುಡ್ಡು. ಹಾಗಿರುವವನಿಗೆ ಇಂದೇ ದುರಸ್ತಿ ಮಾಡಿಸೆಂದು ಧರ್ಮ ಹೇಳಲಾರದು. ಆದರೆ ನಿಜ ಹೇಳಲು ಖರ್ಚಿಲ್ಲ. ದೀಪ ಉರಿಯುತ್ತಿದೆ, ಆ ಸೀಟಿನ ರಕ್ಷಣೆಗೆ ಖಾತ್ರಿಯಿಲ್ಲ, ಹಿಂದೆ ಕೂಡಿರಿ, ಬೆಲ್ಟ್ ಹಾಕಿಕೊಳ್ಳಿರಿ ಎಂದು ಹೇಳಲು ಒಂದು ಪೈಸೆಯೂ ಬೇಡ. ಏರ್‌ಬ್ಯಾಗ್ ಬೆಲ್ಟಿಗೆ ಪೂರಕವಾಗಿ ಮಾತ್ರ ರೂಪುಗೊಂಡ ಸಾಧನ. ಮುಖ್ಯವಾದದ್ದು ಬೆಲ್ಟೇ, ಅದು ಎಲ್ಲ ಕಾರಿನಲ್ಲೂ ಇದೆ. ನಿಧಾನವಾಗಿ ಓಡಿಸಲೂ ಖರ್ಚಿಲ್ಲ. ಹಿಂದಿನವರು ಏರ್‌ಬ್ಯಾಗಿಲ್ಲದೆ ಅಂಬಾಸಡರಿನಲ್ಲಿ ಊರೂರು ಸುತ್ತಲಿಲ್ಲವೇ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಅವರಿಗೆ ತಮ್ಮಲ್ಲಿ ಆ ರಕ್ಷಣೆ ಇಲ್ಲವೆಂದು ಗೊತ್ತಿತ್ತು. ಇಲ್ಲದ್ದನ್ನು ಇಲ್ಲವೆಂದು ತಿಳಿದು ನಡೆಯುವುದು ಬೇರೆ, ಇಲ್ಲದ್ದನ್ನು ಇದೆಯೆಂದು ನಂಬಿ ವೇಗ ಹೆಚ್ಚಿಸುವುದು ಬೇರೆ.

ಮಕ್ಕಳ ವಿಷಯದಲ್ಲಿ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಡಿಕ್ಕಿಗಳಲ್ಲಿ ಸಿಡಿದ ಏರ್‌ಬ್ಯಾಗಿನ ಹೊಡೆತಕ್ಕೇ 290ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಎಳೆಗೂಸುಗಳೂ ಬಹಳ, ಬೆಲ್ಟ್ ಹಾಕದವರೂ ಬಹಳ. ಸೀಟಿನ ಮೇಲೆ ಕುಳಿತವರನ್ನು ಗುರುತಿಸುವ ಸೆನ್ಸಾರುಗಳನ್ನು ಅಲ್ಲಿ ಕಾನೂನು ಮಾಡಿ ತಂದದ್ದು ಇಂಥ ಸಾವುಗಳನ್ನು ಕಂಡ ಮೇಲೆಯೇ. ಇಂದು ನಾವು ತಾತ್ಸಾರದಿಂದ ಕಿತ್ತೆಸೆಯುವ ಆ ತೆಳು ಹಾಳೆಯ ಹಿಂದೆ ಅಷ್ಟು ಶವಗಳಿವೆ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂಡುವುದು ಸೆನ್ಸಾರ್ ಸರಿಯಿದ್ದರೂ ತಪ್ಪು, ಕೆಟ್ಟಿದ್ದರೆ ಇನ್ನೂ ದೊಡ್ಡ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೆ ವಾದದ ಇನ್ನೊಂದು ತುದಿಯನ್ನೂ ಮುಟ್ಟಬೇಕು, ಇಲ್ಲವಾದರೆ ದೀಪವನ್ನೇ ದೇವರು ಮಾಡಿದಂತಾಗುತ್ತದೆ. ದೀಪ ಆರಿದ್ದರೆ ಎಲ್ಲ ಸರಿಯಿದೆ ಎಂದರ್ಥವೇ? ಇಲ್ಲ. ಜಪಾನಿನ ತಕಾತಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಮದ್ದು ವರ್ಷಗಳ ಸೆಕೆ ಮತ್ತು ತೇವಕ್ಕೆ ಕೆಟ್ಟು, ಸಿಡಿಯುವಾಗ ಲೋಹದ ಚೂರುಗಳನ್ನು ಮುಖಕ್ಕೆ ಎರಚಿತು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಆ ಗಾಡಿಗಳಲ್ಲಿ ದೀಪ ಹೊತ್ತಿರಲಿಲ್ಲ. ದೀಪ ತಂತಿಯನ್ನು ಅಳೆಯಬಲ್ಲದು, ಮದ್ದಿನ ಮನಸ್ಸನ್ನು ಅಳೆಯಲಾರದು. ಹಾಗಾದರೆ ಅಂಥ ಅರೆಕುರುಡು ಸಾಕ್ಷಿಯನ್ನು ನಂಬುವುದೇಕೆ ಎಂದು ಕೇಳಬಹುದು. ಅದು ಮೌನವಾಗಿದ್ದಾಗ ಅಷ್ಟಾಗಿ ನಂಬಬೇಕಿಲ್ಲ, ಮಾತಾಡಿದಾಗ ಕೇಳಬೇಕು. ಮನುಷ್ಯನ ಒಳಗಿನ ಸಾಕ್ಷಿಯೂ ಹೀಗೇ. ಮನಸ್ಸು ಚುಚ್ಚಲಿಲ್ಲ ಎಂಬುದು ನಾವು ತಪ್ಪು ಮಾಡಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ, ಎಷ್ಟೋ ತಪ್ಪುಗಳು ಚುಚ್ಚದೆ ಸಾಗಿಹೋಗುತ್ತವೆ. ಚುಚ್ಚಿದಾಗ ಮಾತ್ರ ಅದನ್ನು ತಡೆದು ನಿಲ್ಲಿಸಿ ವಿಚಾರಿಸುವ ಹೊಣೆ ಹುಟ್ಟುತ್ತದೆ. ಹಲಸಂಗಿಯ ಕವಿ ಮಧುರಚೆನ್ನರು ಸಾಧನೆಯ ದಾರಿಯಲ್ಲಿ ತಮಗೆ ಬಂದ ಸಂಶಯ, ತಳಮಳಗಳನ್ನು ಮುಚ್ಚಿಡದೆ ಬರೆದಿಟ್ಟರು. ಸಂಶಯವನ್ನು ಅಡಗಿಸಿ ಶ್ರದ್ಧೆಯ ವೇಷ ಹಾಕುವುದು ಅವರಿಗೆ ಸುಲಭವಿತ್ತು. ಅವರು ಸಂಶಯದ ಮಾತನ್ನು ಕೊನೆಯವರೆಗೆ ಕೇಳಿದರು, ಅದಕ್ಕೇ ಅವರ ಶ್ರದ್ಧೆಗೆ ಬೆಲೆಯಿದೆ. ತನ್ನ ಕೊರತೆಯನ್ನು ಕೇಳಿಸಿಕೊಳ್ಳಲು ಹೆದರುವ ನಂಬಿಕೆ ದೇವರ ಮೇಲಿನದಾದರೂ ಅಷ್ಟೇ, ಕಾರಿನ ಮೇಲಿನದಾದರೂ ಅಷ್ಟೇ, ಡಿಕ್ಕಿಯ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ಗಾಡಿಯ ಮಾಲೀಕರಿಗಿಂತ ಹೆಚ್ಚಾಗಿ ಈ ಮಾತು ಮುಟ್ಟಬೇಕಾದದ್ದು ನಮ್ಮ ತಾಲ್ಲೂಕುಗಳ ಗ್ಯಾರೇಜಿನವರಿಗೆ, ಸೀಟ್ ಕವರ್ ಹಾಕುವವರಿಗೆ, ಹಳೆಯ ಕಾರು ಮಾರುವವರಿಗೆ. ಸೀಟು ಬಿಚ್ಚುವ ಮುನ್ನ ಬ್ಯಾಟರಿಯ ಕೇಬಲ್ ತೆಗೆದು ಕೆಲವು ನಿಮಿಷ ಕಾಯಿರಿ. ಪೆಟ್ಟಿಗೆಯಲ್ಲಿ ಉಳಿದ ವಿದ್ಯುತ್ತಿಗೂ ಚೀಲ ಸಿಡಿಸುವಷ್ಟು ಬಲವಿರುತ್ತದೆ. ಹಳದಿ ಕೊಂಡಿ ಪೂರ್ತಿ ಕೂಡಿತೇ ಎಂದು ನೋಡಿಯೇ ಸೀಟು ಕೂಡಿಸಿರಿ. ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಸೀಟಿಗೆ ಅದರ ದಾರಿ ಮುಚ್ಚುವ ಕವರ್ ಹೊಲಿಯಬೇಡಿರಿ. ‘ಆ ಲೈಟೊಂದು ಬಂದ್ ಮಾಡಿ ಕೊಡ್ರಿ’ ಎಂದು ಗಿರಾಕಿ ಕೇಳಿದಾಗ, ದೋಷ ತಿದ್ದಿ ಆರಿಸಿಕೊಡುತ್ತೇನೆ, ಬರೀ ಆರಿಸುವುದು ನನ್ನಿಂದಾಗದು ಎಂದು ಹೇಳಿರಿ. ಗಿರಾಕಿ ಮುಂದಿನ ಅಂಗಡಿಗೆ ಹೋದಾನು, ಹೋಗಲಿ. ಆ ಸೀಟಿನಲ್ಲಿ ಯಾರು ಕೂಡುವರೆಂದು ನಿಮಗೆ ಗೊತ್ತಿಲ್ಲ.